ಸೈಕಲ್ಲಿಗೂ ದಂಡ ಹಾಕುವುದಾದರೆ

ಕಳೆದ ಪಾಲಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಅವರು ಟೆಂಪೋ ಓಡಿಸುವವರು. ನಸುಕಿನಲ್ಲಿ ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ತುಂಬಿಕೊಂಡು ಅಂಕೋಲೆ, ಕುಮಟೆ ಕಡೆ ಹೋಗುವುದು ಅವರ ನಿತ್ಯದ ಕೆಲಸ. "ಅಕ್ಕೋರೇ, ನಾನು ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಪೇಟೆಗೆ ಹೋದರೆ ಐನೂರು ರೂಪಾಯಿ. ಟೆಂಪೋದ ಒಂದು ದೀಪ ಉರಿಯದಿದ್ದರೂ ದಂಡ. ನಿಮ್ಮ ಶಾಲೆಯ ಹುಡುಗರು ರಾಂಗ್ ಸೈಡಿನಲ್ಲಿ ಮೂವರು ಸಾಲಾಗಿ ಸೈಕಲ್ ಹೊಡೆದುಕೊಂಡು ಬರುತ್ತಾರೆ. ಅವರನ್ನು ತಪ್ಪಿಸಲು ಹೋಗಿ ನಾನು ಗಾಡಿ ಮಗುಚಿದರೆ ತಪ್ಪು ಯಾರದು? ರಸ್ತೆ ಎಲ್ಲರದ್ದು ಎನ್ನುತ್ತೀರಿ, ಹಾಗಿದ್ದರೆ ದಂಡವೂ ಎಲ್ಲರಿಗೂ ಇರಬೇಕಲ್ಲ?"

ಸಭೆಯಲ್ಲಿ ಹಲವರು ತಲೆಯಾಡಿಸಿದರು. ಪರೀಕ್ಷೆಯ ಫಲಿತಾಂಶದ ಚರ್ಚೆ ಬಾಕಿಯಿದ್ದುದರಿಂದ ಮಾತು ಅಲ್ಲಿಗೇ ನಿಂತಿತು. ಆದರೆ ಅವರ ಪ್ರಶ್ನೆಯಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ದಿನಾ ಸ್ಟೇರಿಂಗ್ ಹಿಡಿಯುವವನ ನಿಜವಾದ ಭಯ ಇತ್ತು. ಆ ಭಯಕ್ಕೆ ಸರಿಯಾದ ಉತ್ತರ ಸಿಗಬೇಕು. ಹೆದ್ದಾರಿಯ ಪಕ್ಕದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ನನ್ನ ಮಕ್ಕಳಲ್ಲಿ ಬಹಳಷ್ಟು ಮಂದಿ ಸೈಕಲ್ಲಿನಲ್ಲೇ ಬರುತ್ತಾರೆ. ನಾನೂ ಸ್ಕೂಟರ್ ಓಡಿಸುತ್ತೇನೆ, ಊರೊಳಗೆ ಸೈಕಲ್ ತುಳಿಯುತ್ತೇನೆ. ಹಾಗಾಗಿ ಎರಡೂ ಕಡೆಯ ಮಾತು ನನಗೆ ತಟ್ಟುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆ ಹೆಸರೇ ಹೇಳುವಂತೆ ಮೋಟಾರು ಇರುವ ವಾಹನಗಳದ್ದು. ಕಾಲಿನಿಂದ ತುಳಿಯುವ ಸೈಕಲ್ ಅದರ ವ್ಯಾಖ್ಯೆಯೊಳಗೆ ಬರುವುದಿಲ್ಲ. ಲೈಸೆನ್ಸ್, ನೋಂದಣಿ, ವಿಮೆ, ಹೆಲ್ಮೆಟ್ ಯಾವುದೂ ಸೈಕಲ್ಲಿಗಿಲ್ಲ. 2019ರ ತಿದ್ದುಪಡಿಯಲ್ಲಿ ದಂಡಗಳು ಹಲವು ಪಟ್ಟು ಏರಿದಾಗಲೂ ಸೈಕಲ್ಲಿಗೆ ಅದರ ಬಿಸಿ ತಟ್ಟಲಿಲ್ಲ. ಕೇಂದ್ರದ ಕಾಯ್ದೆ ಹೆಲ್ಮೆಟ್ ಇಲ್ಲದ ಸವಾರನಿಗೆ 1000 ರೂಪಾಯಿ ಎಂದಿತು. ಜನರ ಕೂಗು ಕೇಳಿ ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿತು. ಟೆಂಪೋದವರು ಹೇಳಿದ ಐನೂರು ಅದೇ.

ಹಾಗೆಂದು ಸೈಕಲ್ ಸವಾರ ಕಾನೂನಿನ ಆಚೆ ಇದ್ದಾನೆ ಎನ್ನುವುದು ಸರಿಯಲ್ಲ. ಸಾರ್ವಜನಿಕ ದಾರಿಯಲ್ಲಿ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಯಾವುದೇ ವಾಹನ ಓಡಿಸುವುದು ಅಥವಾ ಸವಾರಿ ಮಾಡುವುದು ಹಿಂದೆ ಭಾರತೀಯ ದಂಡ ಸಂಹಿತೆಯ ಕಲಂ 279ರಲ್ಲಿ ಅಪರಾಧವಾಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 281ರಲ್ಲಿ ಅಪರಾಧವಾಗಿದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿ ಮೋಟಾರು ಇರಬೇಕೆಂಬ ಷರತ್ತಿಲ್ಲ, ಎತ್ತಿನಗಾಡಿಗೂ ಸೈಕಲ್ಲಿಗೂ ಅನ್ವಯಿಸುತ್ತದೆ. ನಿರ್ಲಕ್ಷ್ಯದಿಂದ ಸಾವು ತಂದರೆ ಅದಕ್ಕೆ ಬೇರೆಯೇ ಕಲಂ ಇದೆ. ಅಂದರೆ ದೊಡ್ಡ ತಪ್ಪಿಗೆ ಕಾನೂನು ಇದೆ. ದೀಪವಿಲ್ಲದ ಸೈಕಲ್, ಎದುರು ದಿಕ್ಕಿನ ಸವಾರಿ ಇಂಥ ದಿನನಿತ್ಯದ ಸಣ್ಣ ತಪ್ಪುಗಳಿಗೆ ಮಾತ್ರ ಸ್ಪಾಟಿನಲ್ಲಿ ಹರಿದುಕೊಡುವ ರಸೀದಿ ಇಲ್ಲ.

ಹಿಂದೆ ಇತ್ತು. ನನ್ನ ಅಪ್ಪನ ಸೈಕಲ್ಲಿನ ಹ್ಯಾಂಡಲ್ಲಿನ ಕೆಳಗೆ ಪುರಸಭೆಯ ಲೋಹದ ಬಿಲ್ಲೆ ತೂಗುತ್ತಿತ್ತು. ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಹೊಸ ಬಿಲ್ಲೆ ತರಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋಗುವಂತಿಲ್ಲ, ಹಿಂದೆ ಒಬ್ಬರನ್ನು ಕೂರಿಸಿಕೊಂಡು 'ಡಬಲ್' ಹೋಗುವಂತಿಲ್ಲ. ಸಿಕ್ಕಿಬಿದ್ದರೆ ಪೊಲೀಸರು ಗಾಲಿಯ ಗಾಳಿ ಬಿಡುತ್ತಿದ್ದರು, ಮನೆತನಕ ತಳ್ಳಿಕೊಂಡು ಹೋಗಬೇಕು. ಆ ಕಾಲದಲ್ಲಿ ಊರಿನ ರಸ್ತೆಯ ಮುಖ್ಯ ವಾಹನವೇ ಸೈಕಲ್. ಅದಕ್ಕೇ ನಿಯಮ, ಅದಕ್ಕೇ ತೆರಿಗೆ, ಅದಕ್ಕೇ ಶಿಕ್ಷೆ. ಮೋಟಾರುಗಳು ಹೆಚ್ಚಿದಂತೆ ಬಿಲ್ಲೆಯೂ ಹೋಯಿತು, ದೀಪವೂ ಹೋಯಿತು. ಬಿಲ್ಲೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ದೀಪ ಹೋದದ್ದಕ್ಕೆ ಬಹಳ ಬೇಸರವಿದೆ.

ಒಂಬತ್ತನೇ ತರಗತಿಗೆ ಕೆಲಸ ಮತ್ತು ಶಕ್ತಿಯ ಪಾಠ ಮಾಡುವಾಗ ನಾನು ಚಲನಶಕ್ತಿಯ ಸೂತ್ರವನ್ನು ನಮ್ಮ ಹೆದ್ದಾರಿಗೇ ಒಯ್ಯುತ್ತೇನೆ. ಹುಡುಗನೂ ಸೈಕಲ್ಲೂ ಸೇರಿ 60 ಕಿಲೋ, ವೇಗ ಗಂಟೆಗೆ 15 ಕಿಲೋಮೀಟರ್. ಮೀನು ತುಂಬಿದ ಟೆಂಪೋ 3000 ಕಿಲೋ, ವೇಗ ಗಂಟೆಗೆ 60. ತೂಕ 50 ಪಟ್ಟು. ವೇಗ 4 ಪಟ್ಟು, ಆದರೆ ಸೂತ್ರದಲ್ಲಿ ವೇಗ ವರ್ಗವಾಗುವುದರಿಂದ ಅದು 16. ಐವತ್ತನ್ನು ಹದಿನಾರರಿಂದ ಗುಣಿಸಿ: 800. ಹುಡುಗನ ಸೈಕಲ್ ಹೊತ್ತು ತರುವ ಶಕ್ತಿಯ ಎಂಟುನೂರು ಪಟ್ಟು ಶಕ್ತಿಯನ್ನು ಆ ಟೆಂಪೋ ಹೊತ್ತು ತರುತ್ತದೆ. 24 ಟನ್ನಿನ ಲಾರಿಯಾದರೆ 6400 ಪಟ್ಟು. ಬೋರ್ಡಿನ ಮೇಲೆ ಈ ಅಂಕಿ ಬಂದಾಗ ಮಕ್ಕಳು ಸುಮ್ಮನಾಗುತ್ತಾರೆ, ಅವರಲ್ಲಿ ಅರ್ಧದಷ್ಟು ಮಂದಿ ಅದೇ ದಾರಿಯಲ್ಲಿ ಮನೆಗೆ ಹೋಗಬೇಕು.

ದಂಡ ಎನ್ನುವುದು ಎರಡು ವಿಷಯಗಳನ್ನು ತೂಗಿ ನೋಡಿ ನಿಗದಿಯಾಗಬೇಕು ಎಂದು ನನ್ನ ನಂಬಿಕೆ. ಈ ತಪ್ಪಿನಿಂದ ಬೇರೆಯವರಿಗೆ ಎಷ್ಟು ಹಾನಿಯಾಗಬಹುದು ಎಂಬುದು ಒಂದು. ನಿಯಮ ಪಾಲಿಸಲು ಅವನಿಗೆ ದಾರಿ ಇತ್ತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೇಲಿನ ಲೆಕ್ಕ ಉತ್ತರ ಕೊಡುತ್ತದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಸೈಕಲ್ ಸವಾರರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಸೈಕಲ್ ಗುದ್ದಿ ಸಾಯುವುದು ಇಲ್ಲವೇ ಇಲ್ಲ ಎಂದಲ್ಲ. ಆದರೆ ಸೈಕಲ್ಲೂ ಲಾರಿಯೂ ಎದುರಾದಾಗ ಯಾರ ಮನೆಗೆ ಸುದ್ದಿ ಹೋಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಾರದು.

ಎರಡನೆಯದು ನಮ್ಮ ಕರಾವಳಿಯ ವಿಷಯ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹಳೆಯ 17ನೇ ನಂಬರಿನ ಹೆದ್ದಾರಿ, ಈಗಿನ 66, ನಮ್ಮ ಊರುಗಳ ನಡುವೆಯೇ ಹಾದುಹೋಗುತ್ತದೆ. ಬಿಣಗಾ, ಅಮದಳ್ಳಿ, ತೋಡೂರು, ಹಾರವಾಡ, ಅವರ್ಸಾ, ಒಂದಾದ ಮೇಲೊಂದು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಡಲು, ನಡುವಿನ ಕಿರಿದಾದ ಪಟ್ಟಿಯಲ್ಲಿ ಮನೆ, ಶಾಲೆ, ದೇವಸ್ಥಾನ, ಗದ್ದೆ, ರೈಲುಹಳಿ. ಬೇರೆ ದಾರಿ ಮಾಡಿಕೊಳ್ಳಲು ಜಾಗವೇ ಇಲ್ಲ. ರಸ್ತೆ ಎರಡು ಪಥದ್ದಿದ್ದಾಗ ಜನ ಬೇಕಾದಲ್ಲಿ ದಾಟುತ್ತಿದ್ದರು. ನಾಲ್ಕು ಪಥವಾದ ಮೇಲೆ ನಡುವೆ ವಿಭಜಕ ಬಂತು. ಮನೆ ಒಂದು ಬದಿಗೆ, ಶಾಲೆ ಇನ್ನೊಂದು ಬದಿಗೆ. ವಿಭಜಕ ತೆರೆದಿರುವ ಜಾಗ ಕಾರಿನವನಿಗೆ ಒಂದು ನಿಮಿಷದ ದಾರಿ, ಹದಿಮೂರು ವರ್ಷದ ಹುಡುಗಿಗೆ ಬೆನ್ನ ಮೇಲೆ ಚೀಲ ಹೊತ್ತು ತುಳಿಯುವಾಗ ಹಾಗಲ್ಲ.

ನಮ್ಮ ಶಾಲೆಯ ಮುಂದೆ ದಿನಾ ಸೈಕಲ್ಲಿನಲ್ಲಿ ಮೀನು ಮಾರಿಕೊಂಡು ಹೋಗುವ ಹಿರಿಯರೊಬ್ಬರಿದ್ದಾರೆ. ಬಹುತೇಕ ಮಾರಾಟಗಾರರು ಮೊಪೆಡ್, ಬೈಕು ಹಿಡಿದಾಯಿತು, ಅವರು ಮಾತ್ರ ಸೈಕಲ್ ಬಿಟ್ಟಿಲ್ಲ. ಕ್ಯಾರಿಯರ್ ಮೇಲೆ ಪ್ಲಾಸ್ಟಿಕ್ ಕ್ರೇಟು, ಅದನ್ನು ಬಿಗಿದಿರುವುದು ಹಳೆಯ ಟ್ಯೂಬಿನಿಂದ ಸೀಳಿದ ರಬ್ಬರು ಪಟ್ಟಿ. ಕ್ರೇಟಿನ ಮೂಲೆಯಿಂದ ಐಸು ಕರಗಿದ ನೀರು ಹಿಂದಿನ ರಿಮ್ಮಿನ ಮೇಲೆ ಹನಿಯುತ್ತಿರುತ್ತದೆ. ಒದ್ದೆ ರಿಮ್ಮಿಗೆ ಬ್ರೇಕಿನ ರಬ್ಬರು ಹಿಡಿಯುವುದಿಲ್ಲ. ಮಳೆಗಾಲದಲ್ಲಂತೂ ಎರಡೂ ಗಾಲಿಗಳದ್ದು ಅದೇ ಕತೆ. ನಿಲ್ಲಿಸಬೇಕೆಂದರೆ ಅವರು ಎಡಗಾಲಿನ ಚಪ್ಪಲಿಯನ್ನು ನೆಲಕ್ಕೆ ಒತ್ತುತ್ತಾರೆ. ಹ್ಯಾಂಡಲ್ಲಿಗೆ ರಬ್ಬರು ಉಂಡೆಯ ಪೊಂಪೊಂ ಹಾರ್ನು. ಅವರು ಬರುವುದು ಎದುರು ದಿಕ್ಕಿನಲ್ಲಿ, ಬಿಳಿ ಗೆರೆಯಾಚೆಯ ಅಂಚಿನಲ್ಲಿ.

ಹಾಗೆ ಬರಬೇಡಿ ಎಂದು ನಾನು ಅವರಿಗೆ ಹೇಳಿದ್ದೇನೆ. ಅವರ ಉತ್ತರ ಇದು: "ಅಕ್ಕೋರೇ, ಸರಿ ಬದಿಯಲ್ಲಿ ಹೋಗಬೇಕೆಂದರೆ ಮೊದಲು ಆಚೆ ದಾಟಬೇಕು, ಮುಂದೆ ಹೋಗಿ ತಿರುಗಿ ಮತ್ತೆ ಈಚೆ ದಾಟಬೇಕು. ಈ ಕ್ರೇಟು ಹೊತ್ತು ಎರಡು ಸಲ ದಾಟುವುದಕ್ಕಿಂತ ಎದುರಿಗೆ ಬರುವುದೇ ಮೇಲು. ಎದುರಿನ ಲಾರಿ ಕಣ್ಣಿಗಾದರೂ ಕಾಣುತ್ತದೆ, ಹಿಂದಿನದು ಕಾಣುವುದಿಲ್ಲ."

ಅವರ ಮಾತಿನ ಎರಡನೇ ಅರ್ಧ ತಪ್ಪು, ಅದನ್ನೂ ಅವರಿಗೆ ಹೇಳಿದ್ದೇನೆ. ಒಂದೇ ದಿಕ್ಕಿನಲ್ಲಿ ಹೋಗುವಾಗ 60ರ ಲಾರಿ ಮತ್ತು 15ರ ಸೈಕಲ್ಲಿನ ನಡುವಿನ ವೇಗದ ಅಂತರ 45. ಎದುರು ಬದುರಾದಾಗ ಅದು 75. ಚಾಲಕನಿಗೆ ನೋಡಿ ತಪ್ಪಿಸಲು ಸಿಗುವ ಹೊತ್ತು ಅಷ್ಟು ಕಡಿಮೆ. ಅಡ್ಡರಸ್ತೆಯಿಂದ ಹೆದ್ದಾರಿಗೆ ಬರುವವನು ವಾಹನ ಬರುವ ಬಲಬದಿಯನ್ನಷ್ಟೇ ನೋಡುತ್ತಾನೆ, ಎಡದಿಂದ ಸೈಕಲ್ ಬರುತ್ತದೆಂಬ ನಿರೀಕ್ಷೆ ಅವನಿಗಿರುವುದಿಲ್ಲ. ಎದುರು ದಿಕ್ಕಿನ ಸವಾರಿ ನಿಜಕ್ಕೂ ಅಪಾಯಕಾರಿ, ಇದರಲ್ಲಿ ಟೆಂಪೋದವರ ಪಕ್ಷ ನನ್ನದು. ಆದರೆ ಮೀನಿನವರ ಮಾತಿನ ಮೊದಲ ಅರ್ಧಕ್ಕೆ ನನ್ನ ಬಳಿ ಉತ್ತರವಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ರಸ್ತೆ ಮಾಡಿದವರು.

ಈಗ ಸಮಾನ ದಂಡ ಎಂದರೆ ಏನಾಗುತ್ತದೆ ನೋಡಿ. 2019ರ ತಿದ್ದುಪಡಿಯ ನಂತರ ಸಂಚಾರದ ದಿಕ್ಕಿಗೆ ವಿರುದ್ಧವಾಗಿ ಅಪಾಯಕಾರಿಯಾಗಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ ಕಲಂ 184ರ ಕೆಳಗೆ ಬರುತ್ತದೆ. ಮೊದಲ ಸಲಕ್ಕೇ 1000ದಿಂದ 5000 ರೂಪಾಯಿ ದಂಡ ಅಥವಾ ಜೈಲು. ಉದ್ಯೋಗ ಖಾತರಿಯಲ್ಲಿ ನಮ್ಮ ರಾಜ್ಯದ ದಿನಗೂಲಿ 2024–25ರಲ್ಲಿ 349 ರೂಪಾಯಿ ಇತ್ತು. ಕನಿಷ್ಠ ದಂಡವೇ ಸುಮಾರು ಮೂರು ದಿನದ ದುಡಿಮೆ, ಗರಿಷ್ಠ ದಂಡ ಕಟ್ಟುವ ಬದಲು ಆ ಹಿರಿಯರು ಸೈಕಲ್ಲನ್ನೇ ಠಾಣೆಯಲ್ಲಿ ಬಿಟ್ಟು ಬರಬೇಕಾದೀತು. ಅದೇ ದಂಡ ಕಾರಿನವನಿಗೆ ಒಂದೆರಡು ಸಲ ಟ್ಯಾಂಕ್ ತುಂಬಿಸುವ ಖರ್ಚು. ಫಿನ್ಲೆಂಡಿನಲ್ಲಿ ಗಂಭೀರ ಅಪರಾಧಗಳಿಗೆ ದಂಡವನ್ನು ತಪ್ಪು ಮಾಡಿದವನ ದಿನದ ಆದಾಯ ನೋಡಿ ಲೆಕ್ಕ ಹಾಕುವ ಪದ್ಧತಿ ನೂರು ವರ್ಷಗಳಿಂದ ಇದೆ. ನಮ್ಮಲ್ಲಿ ಮೊತ್ತ ಒಂದೇ, ಅದು ತಟ್ಟುವ ಬಗೆ ಒಂದೇ ಅಲ್ಲ.

ದಂಡ ಯಾರ ಮೇಲೆ ಬೀಳುತ್ತದೆ ಎಂಬ ಮಾತೂ ಇದೆ. ಅದಿರಿನ ಕಾಲ ನಮ್ಮ ಜಿಲ್ಲೆಯವರಿಗೆ ಮರೆತಿಲ್ಲ. ಬಳ್ಳಾರಿ ಕಡೆಯಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಬೇಲೇಕೇರಿ ಮತ್ತು ಕಾರವಾರದ ಬಂದರುಗಳಿಗೆ ಅದಿರಿನ ಲಾರಿಗಳು ಹಗಲುರಾತ್ರಿ ಬರುತ್ತಿದ್ದವು. ಮರದ ಎಲೆ, ಅಂಗಳ, ಒಣಹಾಕಿದ ಬಟ್ಟೆ ಎಲ್ಲದಕ್ಕೂ ಕೆಂಪು ಧೂಳು. ಮಿತಿಮೀರಿ ತುಂಬಿದ ಲಾರಿಗಳು ಕಣ್ಣೆದುರೇ ಹೋಗುತ್ತಿದ್ದವು. ಅತಿಭಾರಕ್ಕೆ ದಂಡ ಆಗಲೂ ಕಾಯ್ದೆಯಲ್ಲಿತ್ತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸುವ ತನಕ, 2011ರಲ್ಲಿ ಲೋಕಾಯುಕ್ತ ವರದಿ ಬರುವ ತನಕ, ಆ ಸಾಲನ್ನು ಯಾವ ದಂಡವೂ ತಡೆಯಲಿಲ್ಲ. ಲಾರಿ ಬಂದಾಗ ಸೈಕಲ್ಲಿನವರು ಕೆಸರಿಗಿಳಿದು ನಿಲ್ಲುತ್ತಿದ್ದರು. ಸೈಕಲ್ ಸವಾರನನ್ನು ನಿಲ್ಲಿಸಲು ಒಂದು ಕೈ ಅಡ್ಡ ಹಿಡಿದರೆ ಸಾಕು. ಸಮಾನ ದಂಡ ಎಂದು ಬರೆದರೂ ಸುಲಭವಾಗಿ ಕೈಗೆ ಸಿಗುವವನ ಮೇಲೆಯೇ ಅದು ಹೆಚ್ಚು ಬೀಳುತ್ತದೆ ಎಂದು ನಾನು ಹೆದರುವುದು ಇದಕ್ಕೇ.

ಸಮಾನ ದಂಡ ಹಾಕಿದ ಜಾಗಗಳೂ ಇವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2014ರಲ್ಲಿ ಸೈಕಲ್ ಸವಾರರ ದಂಡವನ್ನು ಚಾಲಕರ ದಂಡಕ್ಕೆ ಸರಿಸಮ ಮಾಡಿತು. ನ್ಯೂ ಸೌತ್ ವೇಲ್ಸ್ 2016ರ ಮಾರ್ಚಿನಲ್ಲಿ ಹೆಲ್ಮೆಟ್ ಇಲ್ಲದ ಸೈಕಲ್ ಸವಾರನ ದಂಡವನ್ನು 71 ಡಾಲರಿನಿಂದ 319 ಡಾಲರಿಗೆ ಏರಿಸಿತು. ಇವುಗಳನ್ನು ಉದಾಹರಣೆ ಕೊಡುವವರು ಒಂದು ಸಂಗತಿ ಬಿಟ್ಟುಬಿಡುತ್ತಾರೆ. ಎರಡೂ ಕಡೆ ಅದೇ ಹೊತ್ತಿಗೆ ಮೋಟಾರು ಚಾಲಕರ ಮೇಲೂ ಹೊಸ ನಿಯಮ ಬಂತು: ಸೈಕಲ್ಲನ್ನು ದಾಟಿ ಹೋಗುವಾಗ ಕನಿಷ್ಠ ಒಂದು ಮೀಟರ್ ದೂರ ಬಿಡಬೇಕು, ವೇಗ 60 ದಾಟುವ ರಸ್ತೆಯಲ್ಲಿ ಒಂದೂವರೆ ಮೀಟರ್. ಜರ್ಮನಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಸೈಕಲ್ ತುಳಿಯುತ್ತ ಮೊಬೈಲ್ ಹಿಡಿದರೆ 55 ಯೂರೋ, ಕಾರಿನಲ್ಲಿ ಹಿಡಿದರೆ 100. ನಿಯಮ ಒಂದೇ, ದಂಡ ಹಾನಿಯ ಅಳತೆಗೆ ತಕ್ಕಂತೆ. ಅಮೆರಿಕದ ಐಡಾಹೊ ರಾಜ್ಯ 1982ರಲ್ಲೇ ನಿಯಮವನ್ನೇ ಸೈಕಲ್ಲಿಗೆ ಸಡಿಲಿಸಿತು. ಅಲ್ಲಿ 'ನಿಲ್ಲಿ' ಎಂಬ ಫಲಕದ ಬಳಿ ಸೈಕಲ್ಲಿನವನು ನಿಧಾನಿಸಿ, ಯಾರೂ ಬರುತ್ತಿಲ್ಲವೆಂದು ನೋಡಿ ಮುಂದೆ ಹೋಗಬಹುದು. ನನಗೆ ಜರ್ಮನಿಯ ದಾರಿ ಸರಿ ಎನಿಸುತ್ತದೆ.

ಸೈಕಲ್ಲಿನವರ ಪರ ಮಾತಾಡುವವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವ ಒಂದು ಪ್ರಶ್ನೆ ಇದೆ. ಕಾರವಾರದ ಪೇಟೆಯಲ್ಲಿ ಒಬ್ಬ ಅಜ್ಜಿಗೆ ಸೈಕಲ್ ಗುದ್ದಿ ಸೊಂಟ ಮುರಿದರೆ ಪರಿಹಾರ ಎಲ್ಲಿಂದ? ಮೋಟಾರು ವಾಹನಕ್ಕೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ ಎರಡೂವರೆ ಲಕ್ಷ, ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಿಗುವಂತೆ ಮೋಟಾರು ವಾಹನ ಕಾಯ್ದೆಯಲ್ಲಿ ಕಲಂ 164 ಇದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ ಸಿಗುತ್ತದೆ. ಸೈಕಲ್ಲಿಗೆ ಇದಾವುದೂ ಇಲ್ಲ. ಅಜ್ಜಿಯ ಮನೆಯವರು ಸಿವಿಲ್ ಕೋರ್ಟಿಗೆ ಅಲೆಯಬೇಕು. ದೀಪವಿಲ್ಲದೆ ಹೋಗುತ್ತಿದ್ದ ಸೈಕಲ್ಲಿಗೆ ರಾತ್ರಿ ಕಾರು ಗುದ್ದಿದರೆ, ಅವನದ್ದೂ ಅರ್ಧ ತಪ್ಪಿದೆ ಎಂದು ವಿಮೆಯವರು ವಾದಿಸಬಹುದು, ಪರಿಹಾರ ಅಷ್ಟರ ಮಟ್ಟಿಗೆ ಕಡಿಮೆಯಾಗಬಹುದು. ದೀಪ ಹಾಕಿಕೊಳ್ಳುವುದು ಸೈಕಲ್ಲಿನವನ ಜೀವಕ್ಕೂ ಬೇಕು, ಅವನ ಮನೆಯವರ ಹಕ್ಕಿಗೂ ಬೇಕು.

ಬ್ಯಾಟರಿ ಸೈಕಲ್ಲುಗಳ ವಿಷಯವೂ ಇದರೊಳಗೇ ಬರುತ್ತದೆ. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದರೆ ವೇಗದ ಮಿತಿ ತೆಗೆಸಿ ನಲವತ್ತರಲ್ಲಿ ಓಡಿಸಿದರೆ ಅದು ಸೈಕಲ್ಲಾಗಿ ಉಳಿಯುವುದಿಲ್ಲ. ಅಂಥವರಿಗೆ ಸ್ಕೂಟರಿನ ದಂಡವೇ ಆಗಬೇಕು.

ಮಕ್ಕಳ ಮಾತಿಗೆ ಬರುತ್ತೇನೆ, ನನಗೆ ಮುಖ್ಯವಾದದ್ದು ಅದು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಕೊರೋನಾ ಕಾಲದಲ್ಲಿ ಯೋಜನೆ ನಿಂತುಹೋಯಿತು. ಆ ಸೈಕಲ್ಲಿನಿಂದಾಗಿ ಎಷ್ಟೋ ಹುಡುಗಿಯರು ಓದು ಬಿಡದೆ ಪ್ರೌಢಶಾಲೆ ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಮ್ಮ ಶಾಲೆಯ ಅಂಗಳಕ್ಕೆ ಬಂದಿಳಿದ ಸೈಕಲ್ಲುಗಳಲ್ಲಿ ದೀಪವಿರಲಿಲ್ಲ. ಒಂದು ಕಡೆ ಸೈಕಲ್ ಕೊಟ್ಟರು, ಇನ್ನೊಂದು ಕಡೆ ಅದನ್ನು ತುಳಿಯುವ ರಸ್ತೆಯನ್ನು ಲಾರಿಗಳ ವೇಗಕ್ಕೆ ಅಗಲಿಸಿದರು. ಎರಡೂ ಸಾರ್ವಜನಿಕರ ಹಣದಲ್ಲೇ ಆದ ಕೆಲಸ, ಒಂದಕ್ಕೊಂದು ಕೊಂಡಿ ಹಾಕುವ ಕೆಲಸ ಮಾತ್ರ ಯಾರದೂ ಆಗಲಿಲ್ಲ. 2024ರ ಆಗಸ್ಟ್ 7ರ ನಸುಕಿಗೆ ಮೊದಲು ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಗೆ ಬಂದವು. ಕೋಡಿಬಾಗದಿಂದ ಸದಾಶಿವಗಡಕ್ಕೆ ಸೈಕಲ್ಲಿನಲ್ಲಿ ಹೋಗುವವನು ಆ ಇಕ್ಕಟ್ಟಿನಲ್ಲಿ ಯಾವ ನಿಯಮವನ್ನು ಎಷ್ಟು ಪಾಲಿಸಿದರೂ ಅವನ ಮೊಣಕೈ ಪಕ್ಕದಲ್ಲೇ ಲಾರಿಯ ಗಾಲಿ.

ಹಾಗಾದರೆ ನಾನು ಏನು ಬೇಕೆನ್ನುತ್ತೇನೆ? ಸೈಕಲ್ಲಿಗೂ ನಿಯಮ ಬೇಕು, ಅದನ್ನು ಮುರಿದರೆ ದಂಡವೂ ಬೇಕು. ಸಂಜೆಯಾದ ಮೇಲೆ ಮುಂದೆ ದೀಪ, ಹಿಂದೆ ಕೆಂಪು ರೇಡಿಯಂ ಪಟ್ಟಿ ಕಡ್ಡಾಯವಾಗಲಿ. ಬ್ರೇಕು, ಬೆಲ್ಲು ಇರಲಿ. ಕುಡಿದು ತುಳಿಯುವವನನ್ನು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೆದ್ದಾರಿಯಲ್ಲಿ ಹೋಗುವವನನ್ನು ನಿಲ್ಲಿಸಲಿ. ದಂಡ ಐವತ್ತೋ ನೂರೋ ರೂಪಾಯಿ ಇರಲಿ. ಮೊದಲ ಸಲ ಸಿಕ್ಕಿದವನು ವಾರದೊಳಗೆ ದೀಪ ಹಾಕಿಸಿ ಠಾಣೆಯಲ್ಲಿ ತೋರಿಸಿದರೆ ಅದೂ ಮನ್ನಾ ಆಗಲಿ. ಗಾಳಿ ಬಿಡುವ ಹಳೆಯ ಶಿಕ್ಷೆ ಮಾತ್ರ ಬೇಡವೇ ಬೇಡ, ಹುಡುಗಿಯೊಬ್ಬಳು ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದರಿಂದ ಯಾರ ಸುರಕ್ಷತೆಯೂ ಹೆಚ್ಚುವುದಿಲ್ಲ. ಎದುರು ದಿಕ್ಕಿನ ಸವಾರಿಗೆ ದಂಡ ಹಾಕುವ ಮೊದಲು ಆ ಊರಿನಲ್ಲಿ ಸೈಕಲ್ ದಾಟುವ ಜಾಗ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಆ ದಂಡ ವಸೂಲಿಗೆ ನೈತಿಕ ಹಕ್ಕಿಲ್ಲ. ಸೈಕಲ್ಲನ್ನು ದಾಟುವಾಗ ಒಂದು ಮೀಟರ್ ಬಿಡಬೇಕೆಂಬ ನಿಯಮ ನಮ್ಮಲ್ಲೂ ಸ್ಪಷ್ಟವಾಗಿ ಬರಲಿ, ಅದನ್ನು ಮುರಿದವನಿಗೆ ದಂಡ ದೊಡ್ಡದೇ ಇರಲಿ.

ಮುಂದಿನ ಗ್ರಾಮಸಭೆಗೆ ಒಂದು ಅರ್ಜಿ ಬರೆಯುತ್ತಿದ್ದೇನೆ. ಶಾಲೆಯ ಎದುರು ಕೆಳಸೇತುವೆ, ಅದು ಆಗುವ ತನಕ ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಒಬ್ಬ ಹೋಮ್‌ಗಾರ್ಡ್, ನೂರು ಮೀಟರ್ ಮೊದಲೇ ವೇಗ ತಗ್ಗಿಸುವ ಪಟ್ಟಿಗಳು, ವಿಭಜಕದಿಂದ ಶಾಲೆಯ ಗೇಟಿನವರೆಗೆ ಸೈಕಲ್ಲಿಗೆಂದೇ ಒಂದು ಸರ್ವಿಸ್ ದಾರಿ. ಪಂಚಾಯತಿ ಠರಾವು ಮಾಡಿ ಮೇಲಿನವರಿಗೆ ಕಳಿಸಬೇಕು. ಅರ್ಜಿಯ ಜೊತೆಗೆ ಹತ್ತನೇ ತರಗತಿಯ ಮಕ್ಕಳು ಬರೆದ ನಕ್ಷೆಯನ್ನು ಲಗತ್ತಿಸುತ್ತಿದ್ದೇನೆ, ಯಾವ ಕೇರಿಯಿಂದ ಎಷ್ಟು ಸೈಕಲ್ಲುಗಳು ಎಲ್ಲಿ ದಾಟುತ್ತವೆ ಎಂಬುದನ್ನು ಅವರೇ ಗುರುತು ಹಾಕಿದ್ದಾರೆ. ಸಹಿ ಹಾಕಲು ಬಯಸುವ ಊರವರು ಶನಿವಾರ ಶಾಲೆ ಬಿಟ್ಟ ಮೇಲೆ ಬರಬಹುದು.